ಹೊಸ ವರ್ಷಕ್ಕ ಗದುಗಿನ ಭಾರತ, ಸೂಜಿ, ದಾರ

ನಮಸ್ಕಾರ ರೀ ಎಲ್ಲಾರಿಗೂ. ಹೊಸ ವರ್ಷದ ಮೊದಲನೇ ವಿಡಿಯೋ ಇದು, ಹುಬ್ಬಳ್ಳಿಯಿಂದ. ಜನವರಿ ಬಂತಂದ್ರ ಎಲ್ಲಿ ನೋಡಿದ್ರೂ ಒಂದ ಮಾತು: ಈ ವರ್ಷ 50 ಪುಸ್ತಕ, ಈ ವರ್ಷ 100 ಪುಸ್ತಕ. ಓದೂರು ಓದ್ಲಿ, ಛಲೋನ ಐತಿ. ನಾ ಮಾತ್ರ ಈ ಸಲ ಒಂದ ಪುಸ್ತಕ ಹಿಡದೀನಿ. ಟೇಬಲ್ ಮ್ಯಾಲೆ ದಪ್ಪಂದು ಕಾಣಾಕತ್ತೈತಲ್ಲ, ಅದ. ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿ. ನಮ್ಮ ಕಡೆ ಅಷ್ಟುದ್ದ ಹೆಸರು ಯಾರೂ ಹೇಳೂದಿಲ್ಲ, ಗದುಗಿನ ಭಾರತ ಅಂದ್ರ ಮುಗೀತು.

ಇದ ಯಾಕ ಅಂದ್ರ, ಇದು ನಮ್ಮ ಮಣ್ಣಿನ ಪುಸ್ತಕ ರೀ. ಕುಮಾರವ್ಯಾಸನ ಊರು ಕೋಳಿವಾಡ, ನಮ್ಮ ಹುಬ್ಬಳ್ಳಿ ತಾಲೂಕಿನಾಗ ಬರತೈತಿ. ಗದಗಿನ ವೀರನಾರಾಯಣ ಗುಡಿಯಾಗ ಕುಂತು ಭಾರತ ಬರದ ಅಂತ ಜನರ ನಂಬಿಗಿ. ಈಗ ನೋಡಾಕತ್ತೀರಲ್ಲ, ಅದ ಗುಡಿಯ ಗೋಪುರ. ಡಿಸೆಂಬರ್ ಕೊನಿಗೆ ರೈಲು ಹತ್ತಿ ಹೋಗಿ ಬಂದ್ವಿ. ಒಳಗ ಕುಮಾರವ್ಯಾಸನ ಕಂಬ ಅಂತ ತೋರಸ್ತಾರ. ಜಳಕ ಮಾಡಿ ತೊಯ್ದ ಅರಿವಿಯಾಗ ಆ ಕಂಬಕ್ಕ ಬಂದು ಕುಂದ್ರತಿದ್ದ, ಅರಿವಿ ಆರೂತನ ಪದ್ಯ ಬರತಿದ್ದು ಅಂತ ಕತಿ ಐತಿ. ಕತಿ ಕತಿನ ಇರ್ಲಿ, ಆದ್ರ ಆ ಕಂಬದ ಮುಂದ ನಿಂತಾಗ ಮೈ ಜುಂ ಅಂತು. 15ನೇ ಶತಮಾನದಾಗ ಕಟ್ಟಿದ ಎಂಟು ಸಾವಿರಕ್ಕೂ ಹೆಚ್ಚು ಪದ್ಯ ಇವತ್ತಿಗೂ ಜನರ ಬಾಯಾಗ ಅದಾವ. ಅವನ ಊರಿನ ಪಕ್ಕದಾಗಿದ್ದು ನಾವು ಅದನ್ನ ಪೂರ್ತಿ ಓದಬೇಕು ಅಂತ ನನಗ ಗಟ್ಟಿ ಅನಿಸ್ತು.

ಹಂಗಾರ ಹೆಂಗ ಓದೂದು? ದಿನಕ್ಕ 25ರಿಂದ 30 ಪದ್ಯ. ಮೂಲ ಸಂಸ್ಕೃತ ಭಾರತದಾಗ 18 ಪರ್ವ, ನಮ್ಮ ನಾರಣಪ್ಪ, ಅಂದ್ರ ಕುಮಾರವ್ಯಾಸ, 10 ಪರ್ವಕ್ಕ ನಿಲ್ಲಸ್ತಾನ, ಗದಾಪರ್ವಕ್ಕ. ತಿಂಗಳಿಗೊಂದರಂಗ ಹಂಚಿದ್ರ ಆಗೂದಿಲ್ಲ, ಯಾಕಂದ್ರ ಕರ್ಣಪರ್ವ ಭಾಳ ದೊಡ್ಡದು, ಶಲ್ಯಪರ್ವ ಸಣ್ಣದು. ಅದಕ್ಕ ನಾ ಕ್ಯಾಲೆಂಡರ್ ಮುಂದಿಟ್ಟುಕೊಂಡು ನಮ್ಮ ಮಳಿ, ಬಿಸಲು ನೋಡಿ ಹೊಂದಿಸೀನಿ. ಸಂಕ್ರಾಂತಿ ಕುಸುರೆಳ್ಳಿನ ಜೋಡಿ ಆದಿಪರ್ವ, ಆಮ್ಯಾಲೆ ಸಭಾಪರ್ವ. ಬ್ಯಾಸಗಿ ಬಿಸಲಿನಾಗ ಪಾಂಡವರ ಜೋಡಿ ಅರಣ್ಯದಾಗ ಇರೂದು. ಜೂನ್‌ದಾಗ ಮಿರಗದ ಮಳಿಗೆ ವಿರಾಟಪರ್ವ. ಇದು ಮಾತ್ರ ನನ್ನ ಲೆಕ್ಕ ಅಲ್ಲರಿ, ಹಿರಿಯಾರ ಲೆಕ್ಕ. ಮಳಿ ಬರದ ಹೋದ್ರ ಊರಾಗ ವಿರಾಟಪರ್ವ ಓದಸ್ತಿದ್ರು, ಓದಿದ್ರ ಮಳಿ ಬರತೈತಿ ಅಂತ. ಜುಲೈದಾಗ ಉದ್ಯೋಗ, ಭೀಷ್ಮ. ಶ್ರಾವಣ ಬಂತಂದ್ರ ಮಠದಾಗ, ಗುಡಿಯಾಗ ಪುರಾಣ ಚಾಲೂ ಆಗತೈತಿ. ಹಂಗ ಆಗಸ್ಟ್, ಸಪ್ಟೆಂಬರ್ ಎರಡೂ ತಿಂಗಳು ದ್ರೋಣ, ಕರ್ಣಂದು. ದಸರಾ ಹೊತ್ತಿಗೆ ಶಲ್ಯ, ಗದಾ.

ಒಂದು ಮಾತು ಒತ್ತಿ ಹೇಳತೀನಿ. ಇದನ್ನ ಮನಸಿನಾಗ ಓದಬ್ಯಾಡ್ರಿ, ಬಾಯಿ ಬಿಟ್ಟು ಓದ್ರಿ. ಇದು ಪೂರ್ತಿ ಭಾಮಿನಿ ಷಟ್ಪದಿ ಅನ್ನೂ ಛಂದಸ್ಸಿನಾಗ ಐತಿ. ಒಂದು ಪದ್ಯಕ್ಕ ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಅಂದ್ರ ಅಕ್ಷರ ಅನ್ನಾಕ ಹಿಡಿಯೂ ಹೊತ್ತಿನ ಎಣಿಕಿ. ಮೂರು ಮತ್ತ ಆರನೇ ಸಾಲು ಉದ್ದಂದು, 23 ಮಾತ್ರೆ. ಬೆರಳಿನ ಮ್ಯಾಲೆ ಎಣಸ್ರಿ: ಮೂರು-ನಾಲ್ಕು, ಮೂರು-ನಾಲ್ಕು. ಉದ್ದ ಸಾಲಿನಾಗ ಅದ ಜೋಡಿ ಮೂರು ಸಲ ಬಂದು, ಕೊನಿಗೆ ಒಂದು ಗುರು, ಅಂದ್ರ ಎರಡು ಮಾತ್ರೆಯ ಅಕ್ಷರ, ಬಿದ್ದು ಉಸರು ನಿಲ್ಲತೈತಿ. ಮೊದಲು ನಾಲಗಿ ತೊಡರತೈತಿ, ಶಬ್ದ ಎಲ್ಲಿ ಬಿಡಸಬೇಕು ತಿಳಿಯೂದಿಲ್ಲ. ಸ್ವಲ್ಪ ತಾಳ್ರಿ. ನಡಿಗಿ ಒಮ್ಮೆ ಹಿಡೀತಂದ್ರ ಅರ್ಥ ತಾನ ಬಿಚ್ಚಿಕೋತ ಬರತೈತಿ. ಧಾರವಾಡಕ್ಕ ಹೋಗೂವಾಗ ಚಿಗರಿ ಬಸ್ಸಿನಾಗ ಕಿವಿಗೆ ಹಾಕ್ಕೊಂಡು ಗಮಕ ವಾಚನ, ಅಂದ್ರ ಕಾವ್ಯ ರಾಗದಾಗ ಓದೂದು, ಕೇಳತೀನಿ. ಗಮಕಿಗಳು ಎಲ್ಲಿ ನಿಲ್ಲತಾರ, ಯಾವ ಶಬ್ದ ಎರಡು ಸಲ ಅಂತಾರ ಅನ್ನೂದನ್ನ ಕೇಳಿದ್ರ ಅರ್ಧ ಪಾಠ ಆದಂಗ.

ಇನ್ನ ಕೈಗೆ ಕೆಲಸ. ಈ ವರ್ಷ ಕಸೂತಿ ಕಲಿಯಾಕತ್ತೀನಿ, ನಮ್ಮ ದೊಡ್ಡವ್ವನ ಕಡೆ. ನಮ್ಮ ಧಾರವಾಡ ಸೀಮಿ ಕಸೂತಿಗೆ ನಾಕು ಹೊಲಿಗಿ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಈಗ ಹತ್ತರದಿಂದ ತೋರಸ್ತೀನಿ, ನೋಡ್ರಿ. ಇದು ಮ್ಯಾಟಿ ಬಟ್ಟಿ, ಕಲಿಯೂರಿಗೆ ಇದ ಛಲೋ, ಎಳಿ ಕಣ್ಣಿಗೆ ಕಾಣತಾವ. ಪೆನ್ಸಿಲ್ಲಿಲೆ ಗೀರಿಲ್ಲ, ಛಾಪು ಒತ್ತಿಲ್ಲ. ಬಟ್ಟಿಯ ಎಳಿ ಎಣಿಸಿ ಸೂಜಿ ಹಾಕೂದು. ಗವಂತಿ ಒಳಗ ಹೋಗೂವಾಗ ಒಂದು ಬಿಟ್ಟು ಒಂದು ಹಾಕ್ಕೋತ ಹೋಗತೀವಿ, ತಿರುಗಿ ಬರೂವಾಗ ಬಿಟ್ಟ ಜಾಗ ತುಂಬಕೋತ ಬರತೀವಿ. ಗಂಟು ಹಾಕೂ ಹಂಗಿಲ್ಲ. ಮುಂದ ಹೆಂಗ ಕಾಣತೈತೋ ಹಿಂದನೂ ಹಂಗ ಕಾಣಬೇಕು. ಮುರಗಿನೂ ಹಂಗ, ಆದ್ರ ಅದು ಮೆಟ್ಟಲ ಏರಿದಂಗ ಏರತೈತಿ. ಒಂದು ಎಳಿ ತಪ್ಪಿ ಎಣಿಸಿದ್ರ ಬಟ್ಟಿ ಮ್ಯಾಲೆ ಹಾಕಿದ ಗೋಪುರದ ಕಳಸ ಒಂದ ಕಡೆ ವಾಲತೈತಿ.

ದೊಡ್ಡವ್ವ ಕನ್ನಡಕ ಏರಿಸಿಕೊಂಡು ಬಟ್ಟಿ ಕೈಯಾಗ ತಗೊಂಡ್ಲಂದ್ರ ಮೊದಲು ತಿರುವಿ ನೋಡತಾಳ. "ಮುಂದಿಂದು ಆಮ್ಯಾಲೆ ನೋಡೂಣು ಬಿಡವಾ, ಹಿಂದಿಂದು ತೋರಸು" ಅಂತಾಳ. ಅಕಿ ಮದಿವ್ಯಾಗ ಉಟ್ಟ ಕರೇ ಚಂದ್ರಕಾಳಿ ಸೀರಿ ಇನ್ನೂ ಟ್ರಂಕಿನಾಗ ಐತಿ. ಸೆರಗಿನ ಮ್ಯಾಲೆ ಆನಿ ಅಂಬಾರಿ, ತೇರು, ತುಳಸಿ ಕಟ್ಟಿ, ನವಿಲು. ಎಷ್ಟೋ ವರ್ಷ ಮಡಚಿಟ್ರೂ ಒಂದ ಹೊಲಿಗಿ ಸೈತ ಬಿಚ್ಚಿಲ್ಲ. ಅಂಥಾ ನುಣುಪು ಸೀರಿ ಮ್ಯಾಲೆ ಎಳಿ ಎಣಸೂದು ಕಷ್ಟ. ಈಗಿನ ಮಂದಿ ಮ್ಯಾಲೆ ಕ್ಯಾನ್ವಾಸ್ ತುಂಡು ಹಚ್ಚಿ ಅದರ ಲೆಕ್ಕದಾಗ ಹಾಕತಾರ, ಮುಗದ ಮ್ಯಾಲೆ ಕ್ಯಾನ್ವಾಸಿನ ಎಳಿ ಒಂದೊಂದ ಎಳದು ತಗೀತಾರ. ದೊಡ್ಡವ್ವಗ ಅದು ಮನಸಿಗೆ ಬರೂದಿಲ್ಲ. ನನಗೂ ಮೊದಲು ಬಟ್ಟಿ ಮ್ಯಾಲೆನ ಎಣಸೂದು ಕಲಿಯಬೇಕು ಅನಸ್ತೈತಿ.

ಈಗ ನನಗ ಭಾಳ ಖುಷಿ ಕೊಟ್ಟ ವಿಚಾರ. ಮುಂಜಾನಿ ಮಾತ್ರೆ ಎಣಸೂದು, ಸಂಜಿಗೆ ಎಳಿ ಎಣಸೂದು ಅಂದಮ್ಯಾಲೆ ಎರಡೂ ಯಾಕ ಕೂಡಸಬಾರದು? ಒಂದು ಉದ್ದ ಪಟ್ಟಿ ಕತ್ತರಿಸಿ ಇಟ್ಟೀನಿ. ಒಂದು ಪರ್ವ ಮುಗೀತಂದ್ರ ಅದರ ಮ್ಯಾಲೆ ಒಂದು ಚಿತ್ರ. ಆದಿಪರ್ವಕ್ಕ ಗೋಪುರ, ಗದಗಿನ ಗುಡಿ ನೆನಪಿಗೆ. ಅರಣ್ಯಕ್ಕ ನವಿಲು. ಕರ್ಣಪರ್ವಕ್ಕ ತೇರು, ಅದರಾಗ ಎರಡನೇ ಮಾತಿಲ್ಲ. ಅದನ್ನ ಮೆಂತಿ ಹೊಲಿಗ್ಯಾಗ ತುಂಬತೀನಿ, ದಾರ ಜಾಸ್ತಿ ಹಿಡದ್ರೂ ಅಡ್ಡಿಯಿಲ್ಲ. ಕರ್ಣನ ತೇರು ಭಾರ ಇರಬೇಕು.

ನವೆಂಬರ್, ಡಿಸೆಂಬರ್ ಖಾಲಿ ಇಟ್ಟೀನಿ. ಧಾರವಾಡದ ಸುಭಾಸ ರಸ್ತೆಯಾಗ ಮನೋಹರ ಗ್ರಂಥಮಾಲಾದ ಅಟ್ಟ ಐತಲ್ಲ, 1933ರಾಗ ಚಾಲೂ ಆದ ಪ್ರಕಾಶನ, ಅಲ್ಲಿ ಹತ್ತಿ ಕೈಗೆ ಸಿಕ್ಕದ್ದು ತರತೀನಿ. ಭಾರತ ಮುಗಿಸಿದ ಮ್ಯಾಲೆ ಯಾವ ರುಚಿ ಬೇಕಾಗತೈತೋ ಈಗ ಹೆಂಗ ಹೇಳೂದು.

ಸದ್ಯಕ್ಕ ಉದ್ಯೋಗಪರ್ವದ ಚಿತ್ರ ಒಂದು ಹೊಳೀವಲ್ದು. ಕೃಷ್ಣ ಸಂಧಾನಕ್ಕ ಹಸ್ತಿನಾಪುರಕ್ಕ ಹೋಗೂ ಪರ್ವ ಅದು. ದೊಡ್ಡವ್ವ ಪಲ್ಲಕ್ಕಿ ಹಾಕು ಅಂತಾಳ. ಕೃಷ್ಣ ಹೋದದ್ದು ರಥದಾಗ, ಆದ್ರ ರಥ ಕರ್ಣಗ ಕೊಟ್ಟಾಗೇತಿ. ನಿಮ್ಮ ಮನ್ಯಾಗ ಹಳೇ ಕಸೂತಿ ಸೀರಿ, ಕುಬಸ ಇದ್ರ ತಗದು ನೋಡ್ರಿ, ಹೊಂದೂವಂಥಾ ಚಿತ್ರ ಸಿಕ್ರ ನನಗ ತಿಳಸ್ರಿ. ಜುಲೈತನ ವ್ಯಾಳ್ಯಾ ಐತಿ.