ಮರಕ್ಕೊಂದು ನಂಬರು

ಕೇಳುಗರೇ, ನಮಸ್ಕಾರ.

ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದು ಹೋಗುತ್ತಿದ್ದೀರಿ ಅಂದುಕೊಳ್ಳಿ. ದಾರಿ ಪಕ್ಕದ ಮರದಲ್ಲಿ ಅಂಗೈಯಷ್ಟು ಒಂದು ತಗಡು. ಮೇಲೆ ಮರದ ಹೆಸರು, ಅದರ ಮೂಲ ನಾಡು. ಮೂಲೆಯಲ್ಲಿ ಒಂದು ನಂಬರು. ನಾವು ಹೆಸರು ಓದಿ ಮುಂದೆ ಹೋಗುತ್ತೇವೆ. ನನಗೆ ಮಾತ್ರ ಆ ನಂಬರಿನ ಮೇಲೇ ಕಣ್ಣು.

1998-214-ಎ ಅಂತ ಇದೆ ಅನ್ನಿ. ಬಹಳ ಕಡೆ ಅದರ ಅರ್ಥ ಇಷ್ಟೇ: ಬಂದದ್ದು 1998ರಲ್ಲಿ, ಆ ವರ್ಷ ದಾಖಲೆಗೆ ಸೇರಿದ್ದರಲ್ಲಿ 214ನೆಯದು, ಜೊತೆಗೆ ಬಂದ ಸಸಿಗಳಲ್ಲಿ ಮೊದಲನೆಯದು. ಬೀಜ ಎಲ್ಲಿಯದು, ಯಾವಾಗ ನೆಟ್ಟರು, ಯಾವ ರೋಗ ಬಂದಿತ್ತು, ಎಲ್ಲವೂ ಆ ನಂಬರಿನಡಿ ಬರೆದಿರುತ್ತದೆ. ವೃಕ್ಷೋದ್ಯಾನ, ಅಂದರೆ ಆರ್ಬೊರೇಟಂ, ಸಾಮಾನ್ಯ ತೋಟಕ್ಕಿಂತ ಬೇರೆಯಾಗುವುದು ಇಲ್ಲೇ. ಇಂಥ ಉದ್ಯಾನಗಳಿಗೆ ಮಾನ್ಯತೆ ಕೊಡುವ ಆರ್ಬ್‌ನೆಟ್ ಮೊದಲ ಹಂತಕ್ಕೆ ಕೇಳುವುದು 25 ಜಾತಿ ಮಾತ್ರ. ಏನು ಮಹಾ, ಅಲ್ವಾ? ಎಷ್ಟೋ ಕ್ಯಾಂಪಸ್‌ಗಳಲ್ಲಿ ಅದಕ್ಕಿಂತ ಜಾಸ್ತಿ ಜಾತಿಗಳು ಈಗಲೇ ಇವೆ. ಲೆಕ್ಕ ಬರೆದವರಿಲ್ಲ, ಅಷ್ಟೇ.

ಆ ತಗಡನ್ನು ಸುಮ್ನೆ ಮೊಳೆ ಹೊಡೆದು ಕೂರಿಸುವುದಿಲ್ಲ. ಸ್ಕ್ರೂ ಜೊತೆ ಒಂದು ಸ್ಪ್ರಿಂಗ್ ಇರುತ್ತದೆ. ಕಾಂಡ ದಪ್ಪವಾದ ಹಾಗೆ ಸ್ಪ್ರಿಂಗ್ ಕುಗ್ಗಿ ಜಾಗ ಬಿಡುತ್ತದೆ. ಇಲ್ಲದಿದ್ದರೆ ತೊಗಟೆ ಮೆಲ್ಲಗೆ ಬೆಳೆದು ಹೆಸರನ್ನೇ ನುಂಗಿಬಿಡುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ವಾರ್ತ್‌ಮೋರ್ ಅಂತ ಒಂದು ಕಾಲೇಜು. ಹಳೆಯ ವಿದ್ಯಾರ್ಥಿ ಆರ್ಥರ್ ಹಾಯ್ಟ್ ಸ್ಕಾಟ್ ನೆನಪಿಗೆ 1929ರಲ್ಲಿ ಅಲ್ಲಿ ಸ್ಕಾಟ್ ಆರ್ಬೊರೇಟಂ ಶುರುವಾಯಿತು. ಕಾಲೇಜಿನ ಆವರಣವೇ ಉದ್ಯಾನ. ತಮ್ಮ ಮನೆಯಂಗಳದಲ್ಲಿ ಏನು ನೆಡಬಹುದು ಅಂತ ಜನ ಇಲ್ಲಿ ಬಂದು ನೋಡಲಿ ಅನ್ನುವುದು ಉದ್ದೇಶ. ಅಲ್ಲೊಂದು ಬಯಲು ರಂಗಮಂದಿರ ಇದೆ. ಇಳಿಜಾರಿನಲ್ಲಿ ಹುಲ್ಲಿನ ಮೆಟ್ಟಿಲು, ಮೆಟ್ಟಿಲುಗಳ ನಡುನಡುವೆ ಎತ್ತರದ ಟುಲಿಪ್ ಮರಗಳು. ಚಪ್ಪರ ಹಾಕುವ ಕೆಲಸ ಆ ಮರಗಳದ್ದೇ. ಪದವಿ ಪ್ರದಾನ ನಡೆಯುವ ಜಾಗ ಅದು. ಮರದ ಹಿಂದೆ ಜಾಗ ಸಿಕ್ಕಿದ ಅಪ್ಪ ಅಮ್ಮ ಕತ್ತು ವಾಲಿಸಿಕೊಂಡೇ ಮಗಳನ್ನು ನೋಡಬೇಕು! ನೋಡಲಿ ಬಿಡಿ. ಅದಕ್ಕಾಗಿ ಮರ ಕಡಿಯಲಿಲ್ಲವಲ್ಲ, ನನಗೆ ಅದು ಇಷ್ಟ.

ಕ್ಯಾಂಪಸ್ ಮರಕ್ಕೆ ಕೊಡಲಿಗಿಂತ ದೊಡ್ಡ ಶತ್ರು ಪಾರ್ಕಿಂಗ್. ಬೇರು ಆಳಕ್ಕೆ ಇಳಿದಿರುತ್ತದೆ ಅಂದುಕೊಳ್ಳುತ್ತೇವೆ. ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ನೆರಳಿದೆ ಅಂತ ದಿನಾ ಅಲ್ಲೇ ಗಾಡಿ ನಿಲ್ಲಿಸಿದರೆ ಮಣ್ಣು ಗಟ್ಟಿಯಾಗುತ್ತದೆ. ಗಾಳಿ, ನೀರು ಒಳಗೆ ಇಳಿಯುವುದಿಲ್ಲ. ಮರ ತಕ್ಷಣ ಸಾಯುವುದಿಲ್ಲ. ಕೆಲವು ವರ್ಷ ಬಿಟ್ಟು ತುದಿ ಒಣಗಲು ಶುರುವಾಗುತ್ತದೆ. ಅಷ್ಟರಲ್ಲಿ ಗಾಡಿಯವರು ಡಿಗ್ರಿ ಮುಗಿಸಿ ಹೋಗಿರುತ್ತಾರೆ.

ಎಡವಟ್ಟುಗಳೂ ಇವೆ. ಗಿಂಕ್ಗೊ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜ ಹಾಕಿ ಬೆಳೆಸಿದರೆ ಯಾವುದು ಅಂತ ಗೊತ್ತಾಗಲು 20 ವರ್ಷವಾದರೂ ಬೇಕು. ಹೆಣ್ಣು ಅಂತ ಗೊತ್ತಾಗುವುದು ಮೂಗಿಗೆ. ಉದುರಿದ ಬೀಜದ ಸಿಪ್ಪೆಗೆ ಕೆಟ್ಟುಹೋದ ಬೆಣ್ಣೆಯ ವಾಸನೆ!

ಅಂಥ ಮರವೂ ಒಂದು ದಿನ ಬಿದ್ದುಹೋಗುತ್ತದೆ. ಆಗ ತಗಡು ಬಿಚ್ಚಿ, ಬಿದ್ದ ದಿನ ಮತ್ತು ಕಾರಣ ದಾಖಲೆಯಲ್ಲಿ ಬರೆಯುತ್ತಾರೆ. ಅದೇ ಗುಂಡಿಯಲ್ಲಿ ಹೊಸ ಸಸಿ ನೆಟ್ಟರೂ ಅದಕ್ಕೆ ಹಳೆಯ ನಂಬರು ಕೊಡುವುದಿಲ್ಲ.

ನಮಸ್ಕಾರ.