ಹಳೆಯ ಮನೆಗೆ ಬರುವ ಸಾಲದ ನೋಟಿಸು

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ವಿನೋಬನಗರದಲ್ಲೋ ನಿಟ್ಟುವಳ್ಳಿಯಲ್ಲೋ ಕೂಡಿ ಬಾಳಿದ ಅಣ್ಣತಮ್ಮಂದಿರಲ್ಲಿ ಒಬ್ಬರು ಉದ್ಯೋಗಕ್ಕಾಗಿ ಬೆಂಗಳೂರು ಸೇರಿರುತ್ತಾರೆ. ಆದರೆ ಅವರ ಸಾಲಪತ್ರದಲ್ಲಿ ಹಳೆಯ ಮನೆಯ ವಿಳಾಸವೇ ಉಳಿದಿರುವುದರಿಂದ, ಕಂತು ತಪ್ಪಿದಾಗ ಬರುವ ನೋಟಿಸು ಇಲ್ಲಿರುವ ತಾಯಿಯ ಅಥವಾ ಅತ್ತಿಗೆಯ ಕೈಗೆ ಬೀಳುತ್ತದೆ.

ರಕ್ತಸಂಬಂಧ ಮಾತ್ರದಿಂದ ಸಾಲದ ಹೊಣೆ ಬರುವುದಿಲ್ಲ. ಸಹಸಾಲಗಾರರಾಗಿ ಅಥವಾ ಜಾಮೀನುದಾರರಾಗಿ ಸಹಿ ಮಾಡಿದವರ ಮಾತು ಬೇರೆ. ಸಾಲಗಾರರು ತೀರಿಕೊಂಡಿದ್ದರೆ, ವಾರಸುದಾರರು ತಮ್ಮ ಕೈಗೆ ಬಂದ ಅವರ ಆಸ್ತಿಯ ಮಿತಿಯಲ್ಲಷ್ಟೇ ಹೊಣೆಗಾರರು. ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಒಂದೇ ಕಾರಣಕ್ಕೆ ಮಗನ ಮೇಲೆ ದಾವೆ ನಡೆಸುವ ಹಕ್ಕನ್ನು, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ತಾನು ಜಾರಿಯಾದ ಮೇಲಿನ ಸಾಲಗಳ ಮಟ್ಟಿಗೆ ತೆಗೆದುಹಾಕಿದೆ.

ನನಗೆ ಹೆಚ್ಚು ಆತಂಕ ತರುವುದು ಸಾಲ ವಸೂಲಿಗೆಂದು ಬಾಗಿಲಿಗೆ ಬಂದವರ ಮೆದು ಮಾತು. "ಇಲ್ಲೊಂದು ಸಹಿ ಹಾಕಿ ಅಮ್ಮಾ, ಮತ್ತೆ ಬರುವುದಿಲ್ಲ" ಎಂದಾಗ ಮಾನಕ್ಕೆ ಅಂಜಿದ ತಾಯಿ ಓದದೆಯೇ ಸಹಿ ಹಾಕಿಬಿಡುತ್ತಾರೆ. ಮಗನ ಸಾಲವನ್ನು ತಾವು ಕಟ್ಟುವುದಾಗಿ ಆ ಕಾಗದದಲ್ಲಿ ಬರೆದಿದ್ದರೆ, ಇಲ್ಲದ ಹೊಣೆಯೊಂದನ್ನು ತಾವಾಗಿಯೇ ಹೊತ್ತಂತಾಗಬಹುದು. ಆದ್ದರಿಂದ ಸಹಿಯೂ ಬೇಡ, ಬಂದವರನ್ನು ಸಾಗಹಾಕಲು ಕೈಯಿಂದ ಹಣ ಕೊಡುವುದೂ ಬೇಡ. ಬಂದವರ ಗುರುತಿನ ಚೀಟಿ ಕೇಳಿ, ಸಾಲಗಾರರು ಈಗ ಇಲ್ಲಿ ವಾಸವಿಲ್ಲವೆಂದು ಹೇಳಿದರೆ ಸಾಕು. ಕುಟುಂಬದವರ ಖಾಸಗಿತನಕ್ಕೆ ಧಕ್ಕೆ ತರುವುದನ್ನು, ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ವಸೂಲಿಗಾಗಿ ಸಾಲಗಾರರಿಗೆ ಕರೆ ಮಾಡುವುದನ್ನು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ ಸುತ್ತೋಲೆಯಲ್ಲಿ ನಿಷೇಧಿಸಿದೆ. ಕಿರುಕುಳ ಮುಂದುವರಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ, ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು.

ಅಂಚೆಯಲ್ಲಿ ಬಂದ ಲಕೋಟೆಯನ್ನು ಒಡೆಯಬೇಡಿ, ಹರಿದು ಬಿಸಾಡಲೂಬೇಡಿ. ಅದರ ಹೊರಮೈಯ ಫೋಟೋ ತೆಗೆದು ಸಂಬಂಧಪಟ್ಟವರಿಗೆ ಅಂದೇ ಕಳುಹಿಸಿ, "ವಿಳಾಸದಾರರು ಇಲ್ಲಿ ವಾಸವಿಲ್ಲ" ಎಂದು ಬರೆದು ಅಂಚೆಯವರಿಗೆ ಮರಳಿಸಿ. ಹೊಸ ವಿಳಾಸವನ್ನು ಬ್ಯಾಂಕಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯುವುದು ಸಾಲಗಾರರದೇ ಕೆಲಸ.

ನ್ಯಾಯಾಲಯದ ಸಮನ್ಸ್ ಬಂದರೆ ಮಾತ್ರ ಒಂದು ದಿನವೂ ತಡಮಾಡಬಾರದು. ಪ್ರತಿವಾದಿಯಾದ ಸಾಲಗಾರರು ಬೇರೆಡೆ ನೆಲೆಸಿದ್ದಾರೆಂದು, ಸಮನ್ಸ್ ತಂದುಕೊಡುವ ನ್ಯಾಯಾಲಯದ ಸಿಬ್ಬಂದಿಯಾದ ಅಮೀನರಿಗೆ ತಿಳಿಸಿ, ಅದನ್ನು ಅವರ ವರದಿಯಲ್ಲಿ ಬರೆಯುವಂತೆ ಕೋರಿ. ಹೇಳದೆ ಬಿಟ್ಟರೆ ಸಮನ್ಸನ್ನು ಬಾಗಿಲಿಗೆ ಅಂಟಿಸಿ ಹೋಗುವ, ಸಾಲಗಾರರಿಗೆ ಸುದ್ದಿಯೇ ಇಲ್ಲದೆ ಏಕಪಕ್ಷೀಯ ಡಿಕ್ರಿಯಾಗುವ, ಅಂದರೆ ಅವರ ವಾದ ಕೇಳದೆಯೇ ತೀರ್ಪಾಗುವ ಸಂಭವವಿದೆ. ಹಾಗಾಗಿದ್ದರೂ, ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದಲ್ಲಿ, ಡಿಕ್ರಿಯ ವಿಷಯ ತಿಳಿದ 30 ದಿನಗಳೊಳಗೆ ಅದನ್ನು ರದ್ದುಪಡಿಸಲು ಸಾಲಗಾರರು ಅರ್ಜಿ ಹಾಕಬಹುದು. ಇಂಥ ಸಂದರ್ಭದಲ್ಲಿ ಸಲಹೆ ಬೇಕಾದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ಕಾನೂನು ನೆರವು ದೊರೆಯುತ್ತದೆ.