ಬಂಪರ್ ಒಡೆದಿದೆ, ಕ್ಲೇಮ್ ಮಾಡಬೇಕಾ? ಕಾರ್ ಇನ್ಶೂರೆನ್ಸ್ ಲೆಕ್ಕ

ನೋಡಿ, ಹಿಂದಿನ ಬಂಪರ್, ಎಡಗಡೆ ಮೂಲೆ. ಕಾರ್ ನಿಲ್ಲಿಸಿ ಹೋಗಿದ್ದೆ, ವಾಪಸ್ ಬರುವಷ್ಟರಲ್ಲಿ ಯಾರೋ ಗುದ್ದಿ ಹೋಗಿದ್ದಾರೆ. ಒಂದು ಚೀಟಿ ಇಲ್ಲ, ಫೋನ್ ನಂಬರ್ ಇಲ್ಲ. ವೈಪರ್‌ಗೆ ಮಾತ್ರ ಕಾರ್ ವಾಷ್‌ನ ಪಾಂಪ್ಲೆಟ್ ಸಿಕ್ಕಿಸಿತ್ತು. ಅದಕ್ಕೆ ಟೈಮ್ ಇದೆ ಜನಕ್ಕೆ.

ಈ ಶಾಟ್‌ನಲ್ಲಿ ನಾನು ಏನೋ ಹೇಳುತ್ತಿದ್ದೇನೆ, ಆದರೆ ಹಿಂದೆ ಕಂಪ್ರೆಸರ್ ಸದ್ದು ಜಾಸ್ತಿ. ಅದಕ್ಕೇ ಆಡಿಯೋ ತೆಗೆದು ಮೇಲಿಂದ ಮಾತಾಡುತ್ತಿದ್ದೇನೆ. ಸರ್ವಿಸ್ ಸೆಂಟರ್ ಯಾವುದು ಅಂತ ಕೇಳಬೇಡಿ, ಹೇಳಲ್ಲ. ಒಳಗೆ ಹೋದ ತಕ್ಷಣ ಅಡ್ವೈಸರ್ ಹೇಳಿದ ಮೊದಲ ಮಾತು: "ಕ್ಲೇಮ್ ಹಾಕಿಬಿಡಿ ಮೇಡಂ, ನಿಮಗೇನೂ ಖರ್ಚಾಗಲ್ಲ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಖರ್ಚಾಗಲ್ಲ ಅಂದರೆ ಏನು? ಬನ್ನಿ, ಲೆಕ್ಕ ಹಾಕೋಣ. ಹೇಗೂ ಈ ಶಾಟ್ ಪೂರ್ತಿ ನಾನು ಕುರ್ಚಿಯಲ್ಲಿ ಕೂತಿರುವುದೇ.

ಹೊಸ ಬಂಪರ್‌ಗೆ 8,000 ರೂಪಾಯಿ ಅಂದುಕೊಳ್ಳಿ. ಪೇಂಟ್, ಕೂಲಿ ಸೇರಿ 4,000. ಬಿಲ್ 12,000. ಈಗ ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ, ಅಂದರೆ ನಮ್ಮ ಕಾರ್‌ಗೂ ಕವರ್ ಇರುವ ಪಾಲಿಸಿಯಲ್ಲಿ, ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಶೇ. 50 ಡಿಪ್ರಿಸಿಯೇಷನ್, ಅಂದರೆ ಸವಕಳಿ, ಅಂತ ಕಟ್. ಕಾರ್ ಮೊನ್ನೆ ಮೊನ್ನೆ ತಗೊಂಡಿದ್ದರೂ ಅಷ್ಟೇ. ಬಂಪರ್ ಪ್ಲಾಸ್ಟಿಕ್ ಅಲ್ವಾ? ಅಲ್ಲಿಗೆ 4,000 ಹೋಯಿತು. ಪೇಂಟ್ ಸಾಮಾನಿನ ದುಡ್ಡಿನಲ್ಲೂ ಅರ್ಧ ಕಟ್. ಆಮೇಲೆ ಪ್ರತಿ ಕ್ಲೇಮ್‌ಗೂ ಕಡ್ಡಾಯವಾಗಿ ನಾವೇ ಕೊಡಬೇಕಾದ ಪಾಲು ಇದೆ. 1,500 ಸಿಸಿವರೆಗಿನ ಕಾರ್‌ಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಎಲ್ಲ ಕಳೆದು, ಸಣ್ಣ ಕಾರ್ ಆದರೆ, ಕಂಪನಿ ಕೊಡುವುದು ಸುಮಾರು 6,500.

ಇದು ಬರುವ ದುಡ್ಡು. ಹೋಗುವ ದುಡ್ಡನ್ನು ಅಡ್ವೈಸರ್ ಹೇಳಲ್ಲ. ನೋ ಕ್ಲೇಮ್ ಬೋನಸ್, ಎನ್‌ಸಿಬಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ, ಅಂದರೆ ನಮ್ಮ ಕಾರ್‌ನ ಡ್ಯಾಮೇಜ್‌ಗೆ ಅಂತ ಕಟ್ಟುವ ಭಾಗದಲ್ಲಿ, ಶೇ. 20 ರಿಯಾಯಿತಿ. ಆಮೇಲೆ 25, 35, 45, 50. ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಹತ್ತಿರ ಈಗ 35 ಇದೆ ಅಂದುಕೊಳ್ಳಿ. ಸುಮ್ಮನಿದ್ದರೆ ಮುಂದಿನ ರಿನ್ಯೂವಲ್‌ಗೆ 45. ಕ್ಲೇಮ್ ಮಾಡಿದರೆ ಸೊನ್ನೆ. ಮತ್ತೆ ಮೊದಲಿಂದ ಹತ್ತಬೇಕು. 45ರ ಬದಲು 0, 50ರ ಬದಲು 20, ಆಮೇಲೆ 25, 35, 45. ಐದು ರಿನ್ಯೂವಲ್‌ಗಳ ವ್ಯತ್ಯಾಸ ಕೂಡಿಸಿ ನೋಡಿ: 45, 30, 25, 15, 5. ಒಟ್ಟು 120. ಓನ್ ಡ್ಯಾಮೇಜ್ ಪ್ರೀಮಿಯಂ 10,000 ಇದ್ದರೆ ಕೈಬಿಟ್ಟು ಹೋಗುವುದು 12,000! ಕಾರ್ ಹಳೆಯದಾದಂತೆ ಆ ಪ್ರೀಮಿಯಂ ಇಳಿಯುತ್ತದೆ, ಹಾಗಾಗಿ ಪೂರ್ತಿ 12,000 ಆಗಲಿಕ್ಕಿಲ್ಲ. ಆದರೂ 6,500ಕ್ಕೋಸ್ಕರ ಇದನ್ನು ಯಾಕೆ ಬಿಡಬೇಕು ಹೇಳಿ.

ಅದೂ ಯಾರೋ ಗುದ್ದಿ ಓಡಿದ್ದಕ್ಕೆ! ತಪ್ಪು ಯಾರದ್ದು ಅಂತ ಎನ್‌ಸಿಬಿ ಕೇಳುವುದಿಲ್ಲ. ನಮ್ಮ ಪಾಲಿಸಿಯಿಂದ ದುಡ್ಡು ಹೋಯಿತಾ, ಬೋನಸ್ ಹೋಯಿತು. ಇದು ನನಗೆ ಇವತ್ತಿಗೂ ಅರಗುವುದಿಲ್ಲ.

ಈ ನಾಯಿ ನೋಡಿ, ಎರಡು ಕಾರ್ ನಡುವೆ ಎಷ್ಟು ಆರಾಮಾಗಿ ಮಲಗಿದೆ. ಯಾವ ಕಾರ್ ಬಂದರೂ ಏಳಲ್ಲ, ಎಲ್ಲರೂ ಸುತ್ತಿಕೊಂಡೇ ಹೋಗುತ್ತಾರೆ. ಏನು ಹೇಳುತ್ತಿದ್ದೆ? ಹಾಂ, ಝೀರೋ ಡೆಪ್.

ಇದು ಝೀರೋ ಡಿಪ್ರಿಸಿಯೇಷನ್ ಅನ್ನುವ ಆಡ್ ಆನ್, ಪಾಲಿಸಿ ಜೊತೆ ಹೆಚ್ಚು ದುಡ್ಡು ಕೊಟ್ಟು ತಗೊಳ್ಳುವ ಕವರ್. ಇದಿದ್ದರೆ ಆ ಅರ್ಧ ಕಟ್ ಇರಲ್ಲ, ಪ್ರೀಮಿಯಂ ಮಾತ್ರ ಜಾಸ್ತಿ. ಮೊದಲು ನಾನು ಇದನ್ನು ದುಡ್ಡು ಕೀಳುವ ದಾರಿ ಅನ್ನುತ್ತಿದ್ದೆ. ಈಗಿನ ಕಾರ್‌ಗಳಲ್ಲಿ ಎಷ್ಟು ಪ್ಲಾಸ್ಟಿಕ್ ಇದೆ ನೋಡಿದ ಮೇಲೆ, ಹೊಸ ಕಾರ್ ಆದರೆ ತಗೊಳ್ಳಿ ಅನ್ನುತ್ತೇನೆ. ತಡೆಯಿರಿ, ಅದನ್ನೂ ಕಣ್ಣುಮುಚ್ಚಿ ಹೇಳಲಾರೆ. ಝೀರೋ ಡೆಪ್‌ನಲ್ಲಿ ಕ್ಲೇಮ್ ಮಾಡಿದರೂ ಬೋನಸ್ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಬೇಕು ಅಂದರೆ ಎನ್‌ಸಿಬಿ ಪ್ರೊಟೆಕ್ಟ್ ಅಂತ ಇನ್ನೊಂದು ಆಡ್ ಆನ್! ಒಂದರ ಹಿಂದೆ ಒಂದು. ದೊಡ್ಡ ಪೆಟ್ಟಿಗೆ ಝೀರೋ ಡೆಪ್ ಒಳ್ಳೆಯದು, ಗೀರು ಬಿರುಕಿಗೆಲ್ಲ ಬೇಡ. ಸದ್ಯಕ್ಕೆ ನನ್ನ ಅಭಿಪ್ರಾಯ ಇದು, ಮುಂದಿನ ರಿನ್ಯೂವಲ್‌ಗೆ ಬದಲಾಗಬಹುದು.

ನಾನು ಬಂಪರ್ ಬದಲಿಸಲಿಲ್ಲ. ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದರು. ಇದು ಆ ಕ್ಲಿಪ್. ದುಡ್ಡು ಕೈಯಿಂದಲೇ ಕೊಟ್ಟೆ. ಅಡ್ವೈಸರ್ ಮುಖ ಸಣ್ಣದಾಯಿತು, ಪಾಪ.

ಹಾಗಂತ ಇನ್ಶೂರೆನ್ಸೇ ದಂಡ ಅಂತ ಅಲ್ಲ. ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರ್‌ನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಇರುವ ಇನ್ಶೂರೆನ್ಸ್, ಕಾನೂನಿನ ಪ್ರಕಾರ ಕಡ್ಡಾಯ, 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ದಂಡ, ಎರಡನೇ ಸಲ 4,000, ಜೈಲಿಗೂ ಕಳಿಸಬಹುದು. ದಂಡ ಬಿಡಿ. ನಮ್ಮ ಕಾರ್‌ನಿಂದ ಒಬ್ಬರ ಜೀವ ಹೋದರೆ ಕೋರ್ಟ್ ಹೇಳುವ ಪರಿಹಾರ ನಮ್ಮ ಮನೆ ಮಾರಿದರೂ ಸಾಲದೇ ಇರಬಹುದು. ಅಲ್ಲಿ ಥರ್ಡ್ ಪಾರ್ಟಿ ಪಾಲಿಸಿ ಬೇಕೇ ಬೇಕು. ಆದರೆ ಅದೊಂದೇ ಇದ್ದರೆ ನಮ್ಮ ಕಾರ್‌ಗೆ ಒಂದು ಪೈಸೆ ಸಿಗಲ್ಲ.

ಇದು ಇನ್ನೊಂದು ಕಾರ್, ಒಳಗೆ ನೀರು ನುಗ್ಗಿದೆ. ಸೀಟೆಲ್ಲ ಬಿಚ್ಚಿ ಇಟ್ಟಿದ್ದಾರೆ. ಪ್ರವಾಹಕ್ಕೆ ಕಾಂಪ್ರಹೆನ್ಸಿವ್‌ನಲ್ಲಿ ಕವರ್ ಇದೆ. ತಕರಾರು ಬರುವುದು ಎಂಜಿನ್ ವಿಷಯದಲ್ಲಿ. ನೀರಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಸಿಲಿಂಡರ್ ಒಳಗೆ ನೀರು ಸೇರುತ್ತದೆ. ಗಾಳಿಯ ಹಾಗೆ ನೀರು ಕುಗ್ಗಲ್ಲ. ಪಿಸ್ಟನ್ ಮೇಲೆ ಬರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ಪ್ರವಾಹದಿಂದ ಆಗಿದ್ದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆಗಿದ್ದು ಅಂತ ಕಂಪನಿ ಕೈ ಎತ್ತಬಹುದು. ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್ ಆನ್ ಇಲ್ಲದಿದ್ದರೆ ಕೀ ಮುಟ್ಟಲೇಬೇಡಿ, ಇದ್ದರೂ ಮುಟ್ಟಬೇಡಿ. ಟೋ ಮಾಡಿಸಿ.

ಶಾಟ್ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಪ್ರೀಮಿಯಂ ಕಮ್ಮಿ ಕಾಣಲಿ ಅಂತ ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರ್‌ಗೆ ಕಟ್ಟಿದ ಬೆಲೆ, ಇಳಿಸಿ ಕೋಟ್ ಕೊಡುತ್ತಾರೆ. ಕಾರ್ ಕಳುವಾದರೆ ಸಿಗುವುದೇ ಆ ಐಡಿವಿ, ಇಳಿಸಲು ಬಿಡಬೇಡಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಪೂರ್ತಿ ಹೋಗುತ್ತದೆ. ಕಾರ್ ಮಾರಿದರೂ ಬೋನಸ್ ನಿಮ್ಮದೇ, ಕೊಂಡವರದ್ದಲ್ಲ. ಇನ್ಶೂರೆನ್ಸ್ ಕಂಪನಿಯಿಂದ ಲೆಟರ್ ಇಸಕೊಂಡು ಹೊಸ ಕಾರ್‌ಗೆ ಹಾಕಿಸಿಕೊಳ್ಳಿ. ಕುಡಿದು ಓಡಿಸಿದರೆ, ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೆ, ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಬಿಟ್ಟರೆ ನಿಮ್ಮ ಕಾರ್‌ಗೆ ಕ್ಲೇಮ್ ಮರೆತುಬಿಡಿ.

ಈಗ ಸ್ಕ್ರೀನ್ ಮೇಲೆ ಇರುವುದು ನನ್ನ ಪಾಲಿಸಿ ಪೇಪರ್. ನಂಬರ್, ಹೆಸರು ಬ್ಲರ್ ಮಾಡಿದ್ದೇನೆ. ಎರಡನೇ ಕಾಲಮ್‌ನಲ್ಲಿ ಓನ್ ಡ್ಯಾಮೇಜ್ ಪ್ರೀಮಿಯಂ ಇದೆ, ವಿಡಿಯೋ ನಿಲ್ಲಿಸಿ ನಿಮ್ಮದರ ಜೊತೆ ಇಟ್ಟು ನೋಡಿ.